ಅಳತೆ ಅರಿತ ಬೆಂಕಿ

2023ರ ಆಗಸ್ಟ್ 23, ಬುಧವಾರ. ಸಂಜೆ ಆರು ಗಂಟೆ ದಾಟಿ ನಾಲ್ಕು ನಿಮಿಷ. ಚಂದ್ರಯಾನ-3ರ ‘ವಿಕ್ರಮ’ ಚಂದ್ರನ ದಕ್ಷಿಣ ಧ್ರುವಕ್ಕೆ ಸಮೀಪದ ನೆಲವನ್ನು ಮುಟ್ಟಿದ ಗಳಿಗೆ. ನಾಡಿನ ಉಳಿದ ಊರುಗಳಂತೆಯೇ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿಯೂ ಜನ ಟಿ.ವಿ.ಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದರು. ಆ ನೌಕೆಯನ್ನು ಜುಲೈ 14ರಂದು ಶ್ರೀಹರಿಕೋಟೆಯಿಂದ ಮೇಲಕ್ಕೆತ್ತಿದ ರಾಕೆಟ್ಟು 43.5 ಮೀಟರ್ ಎತ್ತರದ್ದು. ತೂಕ ಸುಮಾರು 640 ಟನ್ನು. ಅದರ ಎರಡು ಪಕ್ಕಗಳಿಗೆ ಜೋಡಿಸಿದ ಭಾರಿ ಕೊಳವೆಗಳಲ್ಲಿ ತಲಾ ಇನ್ನೂರು ಟನ್ನಿನಷ್ಟು ಘನ ಇಂಧನ ಉರಿದಿತ್ತು. ಆ ಬೆಂಕಿ ತಾನು ಹೋಗಬೇಕಾದಲ್ಲಿಗೆ ಹೋಯಿತು, ಮಾಡಬೇಕಾದುದನ್ನಷ್ಟೇ ಮಾಡಿತು.

ಅದೇ ತಿಂಗಳು ಮುಗಿಯುವುದರೊಳಗಾಗಿ ಹಾವೇರಿಯ ಜನ ಇನ್ನೊಂದು ಬೆಂಕಿಯನ್ನು ಕಂಡರು. ಊರಿನ ಹೊರವಲಯದ ಆಲದಕಟ್ಟಿಯಲ್ಲಿ ಪಟಾಕಿಯ ದಾಸ್ತಾನಿಗೆ ಕಿಡಿ ತಗುಲಿ ಕೆಲಸಗಾರರು ಒಳಗೇ ಬೆಂದುಹೋದರು. ಚಂದ್ರನ ಸುದ್ದಿಯಿಂದ ಅರಳಿದ್ದ ಮುಖಗಳು ಕೆಲವೇ ದಿನಗಳಲ್ಲಿ ಬಾಡಿದವು.

ಎರಡೂ ಒಂದೇ ಜಾತಿಯ ಬೆಂಕಿಗಳು. ಒಲೆಯ ಕಟ್ಟಿಗೆ ಹೊರಗಿನ ಗಾಳಿಯನ್ನು ಹೀರಿ ಉರಿಯುತ್ತದೆ. ಆದ್ದರಿಂದ ಬೂದಿ ಮುಚ್ಚಿದರೆ ಆರುತ್ತದೆ. ಪಟಾಕಿಯ ಮದ್ದಾಗಲಿ ರಾಕೆಟ್ಟಿನ ಇಂಧನವಾಗಲಿ ತನಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಹೊತ್ತಿರುತ್ತದೆ, ಮುಚ್ಚಿದಷ್ಟೂ ಕೆರಳುತ್ತದೆ. ಹೀಗಿರುವಾಗ ಒಂದು ಚಂದ್ರನವರೆಗೆ ಹೋಗಿ ಇನ್ನೊಂದು ಮನುಷ್ಯರನ್ನು ಸುಟ್ಟದ್ದೇಕೆ? ಎಷ್ಟು ಮದ್ದು, ಎಷ್ಟು ಹೊತ್ತು, ಯಾವ ದಾರಿಯಿಂದ ಹೊರಗೆ, ಯಾರು ಎಷ್ಟು ದೂರದಲ್ಲಿ ಎಂಬ ನಾಲ್ಕು ಲೆಕ್ಕಗಳಿಂದ. ಕನ್ನಡಿಗರು ಔಷಧವನ್ನೂ ಮದ್ದು ಎನ್ನುತ್ತಾರೆ, ಸಿಡಿಯುವ ಪುಡಿಯನ್ನೂ ಮದ್ದು ಎನ್ನುತ್ತಾರೆ. ಅಳತೆ ತಪ್ಪಿದರೆ ಎರಡೂ ವಿಷವೆಂಬುದನ್ನು ಹಿರಿಯರು ಬಲ್ಲವರಾಗಿದ್ದರು.

ಚಂದ್ರಯಾನವನ್ನು ಕಂಡ ಹನ್ನೆರಡು ವರ್ಷದ ಹುಡುಗನೋ ಹುಡುಗಿಯೋ ಮರುದಿನ ಬೆಳಿಗ್ಗೆ ಎದ್ದು, “ಅಪ್ಪಾ, ನಾನೂ ಒಂದು ರಾಕೆಟ್ಟು ಮಾಡುತ್ತೇನೆ” ಎಂದರೆ ಮನೆಯವರು ಏನು ಹೇಳಬೇಕು? “ಮೊದಲು ಪಾಠ ಓದಿಕೋ” ಎಂದು ಗದರಿಸುವುದು ಒಂದು ದಾರಿ. ದೀಪಾವಳಿಯಲ್ಲಿ ಉಳಿದ ಪಟಾಕಿಯನ್ನು ಬಿಚ್ಚಿ ಮದ್ದು ಸುರಿದುಕೊಳ್ಳುತ್ತಿದ್ದರೂ ಕಾಣದಂತಿರುವುದು ಇನ್ನೊಂದು. ಮೊದಲನೆಯದು ಆಸೆಯನ್ನು ಕೊಲ್ಲುತ್ತದೆ. ಎರಡನೆಯದು ಬೆರಳನ್ನೋ ಕಣ್ಣನ್ನೋ ಕಸಿದುಕೊಳ್ಳುತ್ತದೆ. ಮೂರನೆಯ ದಾರಿಯೊಂದುಂಟು. ಅದರ ಹೆಸರು ಮಾದರಿ ರಾಕೆಟ್ಟಿನ ಕಿಟ್.

ಪಾದರಕ್ಷೆಯ ಅಂಗಡಿಯಲ್ಲಿ ಹುಟ್ಟಿದ ಉಪಾಯ

ಈ ಮೂರನೆಯ ದಾರಿಯನ್ನು ಕಂಡುಹಿಡಿದವನು ದೊಡ್ಡ ವಿಜ್ಞಾನಿಯಲ್ಲ. ಅಮೆರಿಕದ ನೆಬ್ರಾಸ್ಕಾ ಸಂಸ್ಥಾನದ ನಾರ್ಫೋಕ್ ಎಂಬ ಊರಿನಲ್ಲಿ ಪಾದರಕ್ಷೆಯ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್‌ನಿಗೆ ಬಾಣಬಿರುಸುಗಳ ಹುಚ್ಚು. ಅವನ ಸಹೋದರ ರಾಬರ್ಟನಿಗೆ ಮಾದರಿ ವಿಮಾನಗಳ ಹುಚ್ಚು. ಈ ಎರಡು ಹುಚ್ಚುಗಳು ಕೂಡಿ 1954ರಲ್ಲಿ ಒಂದು ಪುಟ್ಟ ರಾಕೆಟ್ಟು ತಯಾರಾಯಿತು. ಮೈ ಕಾಗದದ ಕೊಳವೆ, ರೆಕ್ಕೆ ಹಗುರ ಮರದ್ದು, ಲೋಹದ ಮಾತೇ ಇಲ್ಲ. ಮೇಲೇರಿದ ಮೇಲೆ ಮೂತಿ ಬಿಚ್ಚಿಕೊಂಡು ಪ್ಯಾರಾಶೂಟಿನಲ್ಲಿ ತೇಲಿ ಇಳಿಯುವುದು. ಉರಿದುಹೋದ ಮದ್ದಿನ ಕೊಳವೆಯನ್ನು ತೆಗೆದು ಹೊಸದನ್ನು ಹಾಕಿ ಮತ್ತೆ ಹಾರಿಸುವುದು.

ಮೂರು ವರ್ಷಗಳ ಬಳಿಕ, 1957ರ ಅಕ್ಟೋಬರ್ 4ರಂದು, ರಷ್ಯದ ಸ್ಪುಟ್ನಿಕ್ ಭೂಮಿಯನ್ನು ಸುತ್ತತೊಡಗಿತು. ಅದನ್ನು ಕೇಳಿದ ಹುಡುಗರೆಲ್ಲರಿಗೂ ರಾಕೆಟ್ಟಿನ ಗೀಳು ಹಿಡಿಯಿತು. ಕಬ್ಬಿಣದ ಕೊಳವೆಗೆ ಕಂಡ ಕಂಡ ರಾಸಾಯನಿಕಗಳನ್ನು ತುಂಬಿ ಬೆಂಕಿ ಇಟ್ಟು ಗಾಯಗೊಂಡವರೂ ಸತ್ತವರೂ ಉಂಟು. ಕ್ಷಿಪಣಿ ಪರೀಕ್ಷೆಯ ನೆಲೆಯೊಂದರಲ್ಲಿ ಸುರಕ್ಷತೆಯ ಕೆಲಸ ಮಾಡಿದ್ದ ಹ್ಯಾರಿ ಸ್ಟೈನ್ ಎಂಬಾತನಿಗೆ ಈ ಅಪಾಯ ಮುಂಚೆಯೇ ಕಂಡಿತ್ತು. ಆತ ಅದರ ಬಗೆಗೆ ಪತ್ರಿಕೆಯಲ್ಲಿ ಬರೆದುದನ್ನು ಓದಿದ ಕಾರ್ಲೈಲ್ ತನ್ನ ರಾಕೆಟ್ಟುಗಳನ್ನು ಆತನಿಗೆ ಕಳುಹಿಸಿಕೊಟ್ಟನು. ಸ್ಟೈನ್ ಅವನ್ನು ಕಿಟ್ಟುಗಳಾಗಿ ಮಾರುವ ಕಂಪನಿಯನ್ನು ತೆರೆದನು. ಮದ್ದಿನ ಕೊಳವೆಗಳಿಗೆ ಬೇಡಿಕೆ ಹೆಚ್ಚಿದಾಗ ವರ್ನನ್ ಎಸ್ಟಿಸ್ ಎಂಬವನು ಅವನ್ನು ತಾನಾಗಿ ಅಚ್ಚುಕಟ್ಟಾಗಿ ತುಂಬುವ ಯಂತ್ರವೊಂದನ್ನು ನಿರ್ಮಿಸಿ, ಅದಕ್ಕೆ ಮೇಬೆಲ್ ಎಂದು ಹೆಸರಿಟ್ಟನು. ಐದೂವರೆ ಸೆಕೆಂಡಿಗೆ ಒಂದರಂತೆ, ಒಂದರಂತೆ ಇನ್ನೊಂದು, ತೂಕ ತಪ್ಪದ ಕೊಳವೆಗಳು ಹೊರಬಂದವು.

ಈ ಮೂವರು ಮಾಡಿದುದರ ಸಾರ ಇಷ್ಟೆ: ಅಪಾಯದ ಭಾಗವನ್ನು ಯಂತ್ರಕ್ಕೆ ಬಿಟ್ಟರು, ಕೌಶಲದ ಭಾಗವನ್ನು ಮಕ್ಕಳಿಗೆ ಬಿಟ್ಟರು. ಹುಡುಗನ ಕೈಗೆ ಮದ್ದು ಬರಬಾರದು, ಲೆಕ್ಕ ಬರಬೇಕು.

ನೆರೆಯ ಬಾವಿಯಲ್ಲಿ ಸಾವಿರ ರಾಕೆಟ್ಟು

ರಾಕೆಟ್ಟೆಂದರೆ ಪರದೇಶದ ವಿದ್ಯೆಯೆಂದು ಹಾವೇರಿಯ ಮಕ್ಕಳು ತಿಳಿಯಬೇಕಾಗಿಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ ನಗರವೆಂಬ ಊರುಂಟು. ಕೆಳದಿಯ ಅರಸರ ಬಿದನೂರು ಅದೇ. 2018ರ ಜುಲೈಯಲ್ಲಿ ಅಲ್ಲಿನ ಪಾಳುಬಾವಿಯೊಂದರ ಹೂಳನ್ನು ತೆಗೆದಾಗ ಮಣ್ಣಿನಿಂದ ಮದ್ದಿನ ವಾಸನೆ ಬಂದಿತು. ಅಗೆದಂತೆಲ್ಲ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ಒಂದಲ್ಲ ಹತ್ತಲ್ಲ, ಸಾವಿರಕ್ಕೂ ಹೆಚ್ಚು! ಅವು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳೆಂದು ಪುರಾತತ್ವ ಇಲಾಖೆ ಗುರುತಿಸಿತು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಕಂಪನಿಯ ಪಡೆ ಸೋತುಹೋದುದರಲ್ಲಿ ಇಂತಹ ರಾಕೆಟ್ಟುಗಳ ಪಾತ್ರ ದೊಡ್ಡದು. ಅವುಗಳ ಗುಟ್ಟು ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದ ಇಲ್ಲವೆ ಬಿದಿರಿನ ಕೊಳವೆ ಒಳಗಿನ ಒತ್ತಡಕ್ಕೆ ಬೇಗ ಸೀಳುತ್ತದೆ, ಕಬ್ಬಿಣ ತಡೆದುಕೊಳ್ಳುತ್ತದೆ. ಹೆಚ್ಚು ಒತ್ತಡ, ಹೆಚ್ಚು ನೂಕು, ಹೆಚ್ಚು ದೂರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನ ವುಲಿಚ್‌ಗೆ ಒಯ್ದ ಮಾದರಿಗಳನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದನು. ಅಬ್ದುಲ್ ಕಲಾಂ ಅವರು 1963ರಲ್ಲಿ ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ತರಬೇತಿಗೆಂದು ಹೋದಾಗ, ಟಿಪ್ಪುವಿನ ಸೈನಿಕರು ರಾಕೆಟ್ಟು ಹಾರಿಸುತ್ತಿರುವ ವರ್ಣಚಿತ್ರವನ್ನು ಅಲ್ಲಿನ ಗೋಡೆಯ ಮೇಲೆ ಕಂಡು ಬೆರಗಾದುದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಆ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರನ್ನು ಕಟ್ಟುತ್ತಿದ್ದರು. ಏಕೆ? ಉತ್ತರ ದೀಪಾವಳಿಯ ರಾಕೆಟ್ಟಿನಲ್ಲಿಯೇ ಇದೆ. ಕಡ್ಡಿ ಮುರಿದ ರಾಕೆಟ್ಟಿಗೆ ಬೆಂಕಿ ಇಟ್ಟರೆ ಅದು ಮೇಲೇರದೆ ನೆಲದ ಮೇಲೆ ಗಿರಗಿರನೆ ಸುತ್ತಿ ಜನರತ್ತ ನುಗ್ಗುತ್ತದೆ. ಹಾರುವ ವಸ್ತುವಿನ ಭಾರದ ಕೇಂದ್ರ ಮುಂದಿರಬೇಕು, ಗಾಳಿ ಒತ್ತುವ ಕೇಂದ್ರ ಹಿಂದಿರಬೇಕು. ಬಾಣದ ಮೊನೆಗೆ ಲೋಹ, ಬಾಲಕ್ಕೆ ಗರಿ ಇರುವುದು ಇದಕ್ಕಾಗಿಯೇ. ಬಿದಿರು, ಗರಿ, ಮಾದರಿ ರಾಕೆಟ್ಟಿನ ರೆಕ್ಕೆ — ಮೂರೂ ಮಾಡುವ ಕೆಲಸ ಒಂದೇ.

ನೂರಕ್ಕೆ ಒಂದು

ಕಿಟ್ಟುಗಳಲ್ಲಿ ಎರಡು ಬಗೆ. ಹಾರಲಿಕ್ಕೆಂದೇ ರೂಪಿಸಿದವು ಕೆಲವು. ನಿಜವಾದ ಒಂದು ರಾಕೆಟ್ಟನ್ನು ಗೊತ್ತಾದ ಪ್ರಮಾಣಕ್ಕೆ ಇಳಿಸಿ ತೋರಿಸುವವು ಇನ್ನು ಕೆಲವು. ಇವು ಪ್ರಮಾಣಬದ್ಧ ಮಾದರಿಗಳು. ಭಾರತದ ರಾಕೆಟ್ಟುಗಳ ಮಾದರಿಗಳೂ ಈಗ ದೊರೆಯುತ್ತವೆ. ಅಡಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಇಸ್ರೋದ ಅಧ್ಯಕ್ಷರಾಗಿದ್ದ ಕಾಲದಲ್ಲಿ ಮೊದಲು ಹಾರಿದ ಪಿ.ಎಸ್.ಎಲ್.ವಿ.ಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1993ರ ಸೆಪ್ಟೆಂಬರಿನ ಮೊದಲ ಯತ್ನದಲ್ಲಿ ಅದು ಸೋತಿತು. 1994ರ ಅಕ್ಟೋಬರಿನಲ್ಲಿ ಗೆದ್ದಿತು. 2008ರಲ್ಲಿ ಚಂದ್ರಯಾನ-1ನ್ನೂ 2013ರಲ್ಲಿ ಮಂಗಳಯಾನವನ್ನೂ ಹೊತ್ತದ್ದು ಅದೇ.

ಅದರ ಎತ್ತರ 44 ಮೀಟರ್, ಮೈಯ ಅಡ್ಡಳತೆ 2.8 ಮೀಟರ್, ಹೊರಡುವಾಗಿನ ತೂಕ 320 ಟನ್. ನೂರಕ್ಕೆ ಒಂದರಂತೆ ಇಳಿಸಿದರೆ 44 ಸೆಂಟಿಮೀಟರ್ ಎತ್ತರ, 28 ಮಿಲಿಮೀಟರ್ ಅಡ್ಡಳತೆ. ಮೇಜಿನ ಮೇಲೆ ನಿಲ್ಲುವಂಥದು. ಉಪಗ್ರಹವನ್ನು ಒಳಗಿಟ್ಟುಕೊಳ್ಳುವ ತಲೆಯ ಭಾಗದ ಅಡ್ಡಳತೆ 3.2 ಮೀಟರ್, ಎಂದರೆ ಮಾದರಿಯಲ್ಲಿ 32 ಮಿಲಿಮೀಟರ್. ಮೈಗಿಂತ ತಲೆ ನಾಲ್ಕೇ ಮಿಲಿಮೀಟರ್ ದಪ್ಪ. ಕಣ್ಣಂದಾಜಿನಿಂದ ಮಾಡುವವನು ಎರಡನ್ನೂ ಒಂದೇ ದಪ್ಪ ಮಾಡಿಬಿಡುತ್ತಾನೆ. ಅಳೆದು ಮಾಡುವವನು ಅಲ್ಲಿ ನಿಂತು, “ಏಕೆ ಹೀಗೆ?” ಎಂದು ಕೇಳುತ್ತಾನೆ, ಉಪಗ್ರಹಕ್ಕೆ ಜಾಗ ಬೇಕು, ಗಾಳಿಯ ಉಜ್ಜುವಿಕೆಯಿಂದ ಅದನ್ನು ಕಾಯುವ ಕವಚ ಬೇಕು ಎಂಬುದು ಆಗ ಹೊಳೆಯುತ್ತದೆ.

ಆ ರಾಕೆಟ್ಟಿನ ಬುಡದಲ್ಲಿ ಮನುಷ್ಯನೊಬ್ಬನನ್ನು ನಿಲ್ಲಿಸಬೇಕಾದರೆ ಅವನ ಎತ್ತರವೆಷ್ಟು? ಹದಿನೇಳು ಮಿಲಿಮೀಟರ್. ಏಲಕ್ಕಿಯ ಮಾಲೆಗಳಿಗೆ ಹೆಸರಾದ ಹಾವೇರಿಯಲ್ಲಿ ಇದಕ್ಕೆ ಬೇರೆ ಬೊಂಬೆ ಹುಡುಕಬೇಕಾಗಿಲ್ಲ. ದಪ್ಪನೆಯ ಒಂದು ಏಲಕ್ಕಿಯನ್ನು ನಿಲ್ಲಿಸಿದರೆ ಸಾಕು. ಮಾದರಿಯ ಪಕ್ಕದಲ್ಲಿ ಆ ಏಲಕ್ಕಿಯನ್ನು ಕಂಡಾಗ ರಾಕೆಟ್ಟಿನ ಗಾತ್ರ ಮೊದಲ ಬಾರಿಗೆ ಮನಸ್ಸಿಗೆ ಇಳಿಯುತ್ತದೆ.

ತೂಕದ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಉದ್ದ ನೂರರಲ್ಲಿ ಒಂದು ಪಾಲಾದರೆ ತೂಕವೂ ನೂರರಲ್ಲಿ ಒಂದು ಪಾಲಾಗುತ್ತದೆಯೆ? ಇಲ್ಲ. ಉದ್ದ, ಅಗಲ, ಎತ್ತರ ಮೂರೂ ನೂರು ಪಟ್ಟು ಇಳಿದುದರಿಂದ ಗಾತ್ರ ಹತ್ತು ಲಕ್ಷ ಪಟ್ಟು ಇಳಿಯುತ್ತದೆ. ಅದೇ ಸಾಂದ್ರತೆಯಲ್ಲಿ ಮಾದರಿಯನ್ನು ಮಾಡಿದರೆ 320 ಟನ್ನಿನ ರಾಕೆಟ್ಟು 320 ಗ್ರಾಮಿಗೆ ಇಳಿಯುತ್ತದೆ! ಮೆಣಸಿನಕಾಯಿಯ ತೂಕದಲ್ಲಿ ಗ್ರಾಮನ್ನೂ ಬಿಡದ ಬ್ಯಾಡಗಿಯ ವ್ಯಾಪಾರಿಗೂ ಈ ಲೆಕ್ಕ ಒಂದು ಕ್ಷಣ ಅಚ್ಚರಿ ತಂದೀತು.

ಹಾಗಾದರೆ ಇದೇ ಪ್ರಮಾಣದಲ್ಲಿ ಚಂದ್ರ ಎಷ್ಟು ದೂರ? ಭೂಮಿಯಿಂದ ಅವನ ಸರಾಸರಿ ದೂರ 3,84,400 ಕಿಲೋಮೀಟರ್. ನೂರರಲ್ಲಿ ಒಂದು ಪಾಲೆಂದರೆ 3,844 ಕಿಲೋಮೀಟರ್. ಮೇಜಿನ ಮೇಲಿನ ಪುಟ್ಟ ಮಾದರಿಗೂ ಚಂದ್ರನು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ದೂರಕ್ಕಿಂತ ಆಚೆ ಇರುತ್ತಾನೆ. ಪಠ್ಯಪುಸ್ತಕದ ಚಿತ್ರದಲ್ಲಿ ಭೂಮಿ, ರಾಕೆಟ್ಟು, ಚಂದ್ರ ಒಂದೇ ಹಾಳೆಯಲ್ಲಿ ಕಾಣಿಸಿಕೊಳ್ಳುತ್ತವೆ. ಆ ಚಿತ್ರ ಎಷ್ಟು ದೊಡ್ಡ ಸುಳ್ಳನ್ನು ಹೇಳುತ್ತದೆಂಬುದು ಮಾದರಿ ಮಾಡಿದವನಿಗೆ ತಿಳಿಯುತ್ತದೆ.

ಕೈಕೆಲಸ

ಪೆಟ್ಟಿಗೆ ತೆರೆದೊಡನೆ ಅಂಟು ಹಚ್ಚಲು ಹೊರಡುವುದು ಎಲ್ಲರೂ ಮಾಡುವ ತಪ್ಪು. ಮೊದಲು ಸೂಚನೆಯ ಹಾಳೆಯನ್ನು ಕೊನೆಯವರೆಗೆ ಓದಬೇಕು. ಭಾಗಗಳನ್ನು ಹಳೆಯ ಪತ್ರಿಕೆಯ ಮೇಲೆ ಹರಡಿ ಪಟ್ಟಿಯೊಡನೆ ತಾಳೆ ನೋಡಬೇಕು. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಬೇಕು. ಕೊಳವೆಗೆ ಉಂಗುರ ಬಿಗಿಯಾದರೆ ಒತ್ತಿ ನುಗ್ಗಿಸದೆ ಉಪ್ಪುಕಾಗದದಿಂದ ನಯವಾಗಿ ಉಜ್ಜಬೇಕು.

ದುಂಡನೆಯ ಕೊಳವೆಯ ಉದ್ದಕ್ಕೂ ನೇರವಾದ ಗೆರೆಯನ್ನು ಎಳೆಯುವುದು ಹೇಗೆ? ಅಳತೆಪಟ್ಟಿ ದುಂಡಿನ ಮೇಲೆ ಜಾರುತ್ತದೆ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಮನೆಯ ಬಾಗಿಲಿನಲ್ಲಿದೆ. ಬಾಗಿಲ ಚೌಕಟ್ಟಿನ ಒಳಮೂಲೆಗೆ ಕೊಳವೆಯನ್ನು ಒತ್ತಿ ಹಿಡಿದು, ಮರದ ಅಂಚಿನ ಗುಂಟ ಪೆನ್ಸಿಲನ್ನು ಎಳೆದರೆ ಗೆರೆ ಬಾಣದಂತೆ ನೇರ.

ಹಾರುವ ಮಾದರಿಗೆ ನಾಲ್ಕು ರೆಕ್ಕೆ ಹಚ್ಚಬೇಕಾದರೆ ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ, ಸುತ್ತಳತೆಯಷ್ಟನ್ನು ಕತ್ತರಿಸಿ, ಎರಡು ಬಾರಿ ಮಡಿಸಬೇಕು. 28 ಮಿಲಿಮೀಟರ್ ಅಡ್ಡಳತೆಯ ಕೊಳವೆಯ ಸುತ್ತಳತೆ ಸುಮಾರು 88. ನಾಲ್ಕು ಪಾಲು ಮಾಡಿದರೆ 22. ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ಪೈ’ ಇಲ್ಲಿ ಕೈಗೆ ಸಿಗುತ್ತದೆ. ಬಾಲ್ಸಾ ಮರದ ರೆಕ್ಕೆಯಲ್ಲಿ ಮರದ ಎಳೆ ಮುಂಭಾಗದ ಅಂಚಿಗೆ ಸಮನಾಗಿ ಓಡಬೇಕು. ಅಡ್ಡ ಎಳೆಯ ರೆಕ್ಕೆ ಚಕ್ಕುಲಿಯಂತೆ ಪಟಕ್ಕನೆ ಮುರಿಯುತ್ತದೆ. ಅಂಟನ್ನು ಒಮ್ಮೆ ತೆಳುವಾಗಿ ಹಚ್ಚಿ ಒಣಗಲು ಬಿಟ್ಟು, ಮತ್ತೆ ಹಚ್ಚಿ ಕೂಡಿಸಿದರೆ ಬೆಸುಗೆ ಮರಕ್ಕಿಂತ ಗಟ್ಟಿ. ಬಣ್ಣದ ಕೆಲಸವನ್ನು ಜಿಟಿಜಿಟಿ ಮಳೆಯ ದಿನ ಇಟ್ಟುಕೊಳ್ಳಬಾರದು. ತೇವದ ಗಾಳಿಯಲ್ಲಿ ಬಣ್ಣ ಮಬ್ಬುಗಟ್ಟುತ್ತದೆ.

ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಅಂಟು ಒಣಗುವಷ್ಟು ಹೊತ್ತು ಕಾಯಲೇಬೇಕು. ಗುಂಡಿ ಒತ್ತಿದರೆ ಚಿತ್ರ ಓಡುವ ಈ ಕಾಲದಲ್ಲಿ ಕಾಯುವುದನ್ನು ಕಲಿಸುವ ಆಟಗಳು ಹೆಚ್ಚಿಲ್ಲ.

ಕಲ್ಲಿನಲ್ಲಿ ಮಾದರಿ

ದೊಡ್ಡದನ್ನು ಚಿಕ್ಕದರಲ್ಲಿ ಹಿಡಿಯುವ ಈ ಕಲೆ ಈ ಸೀಮೆಗೆ ಹೊಸದಲ್ಲ. ಹಾವೇರಿಯ ಸಿದ್ಧೇಶ್ವರ, ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಮುಕ್ತೇಶ್ವರ ಮೊದಲಾದ ಗುಡಿಗಳ ಹೊರಗೋಡೆಯನ್ನು ನಿಂತು ನೋಡಬೇಕು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ತೆಳುವಾದ ಅರೆಗಂಬಗಳನ್ನು ಕಡೆದು, ಅವುಗಳ ನೆತ್ತಿಯ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಕೂಡಿಸಿದ್ದಾರೆ. ಗುಡಿಯ ಗೋಡೆಯ ಮೇಲೆಯೇ ಗುಡಿಯ ಮಾದರಿ! ಶಿಖರದ ಅಂತಸ್ತು, ಕಳಸ, ಚಾಚು ಎಲ್ಲವೂ ಗೇಣುದ್ದದಲ್ಲಿ. ದೊಡ್ಡ ಶಿಖರದ ವಿನ್ಯಾಸವನ್ನು ಬಲ್ಲವನಲ್ಲದೆ ಇತರರು ಆ ಚಿಕ್ಕದನ್ನು ಕಡೆಯಲಾರರು. ರಜೆಯ ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ದೊಡ್ಡ ಶಿಖರಕ್ಕೂ ಚಿಕ್ಕದಕ್ಕೂ ಏನು ಪ್ರಮಾಣವೆಂದು ಅಂದಾಜು ಮಾಡಿಸಿದರೆ ಕಿಟ್ಟಿನ ಮೊದಲ ಪಾಠ ಮುಗಿದಂತೆಯೇ.

ಹಾರಿಸಬೇಕೆಂಬ ಹಂಬಲ

ಮಾದರಿ ಸಿದ್ಧವಾಯಿತು. ಮಗುವಿನ ಮುಂದಿನ ಪ್ರಶ್ನೆ ಗೊತ್ತಿದ್ದದ್ದೇ: “ಇದನ್ನು ಹಾರಿಸೋಣವೆ?”

ಇಲ್ಲಿ ಹಿರಿಯರು ನಿಜವನ್ನೇ ಹೇಳಬೇಕು. ಪಿ.ಎಸ್.ಎಲ್.ವಿ.ಯಂತಹ ರಾಕೆಟ್ಟನ್ನು ನೆಟ್ಟಗೆ ಒಯ್ಯುವುದು ರೆಕ್ಕೆಗಳಲ್ಲ. ಉರಿಯ ದಿಕ್ಕನ್ನು ಗಳಿಗೆ ಗಳಿಗೆಗೂ ತಿದ್ದುವ ಯಂತ್ರಗಳು. ರಟ್ಟಿನ ಮಾದರಿಗೆ ಆ ಬುದ್ಧಿ ಇಲ್ಲ. ಗಾಳಿಯನ್ನು ನೂರರಲ್ಲಿ ಒಂದು ಪಾಲು ಮಾಡಲು ಯಾರಿಂದಲೂ ಆಗದು. ಇದ್ದ ಹಾಗೆ ಹಾರಿಸಿದರೆ ಅದು ಕಡ್ಡಿ ಮುರಿದ ಬಾಣಬಿರುಸಿನಂತೆ ತಿರುಗಿಬೀಳುತ್ತದೆ. ಹವ್ಯಾಸಿಗಳು ಇಂತಹ ಮಾದರಿಯನ್ನು ಹಾರಿಸಬೇಕಾದಾಗ ಮೂತಿಯಲ್ಲಿ ಭಾರವಿಟ್ಟು, ಬುಡಕ್ಕೆ ಪಾರದರ್ಶಕ ರೆಕ್ಕೆಗಳನ್ನು ಸೇರಿಸಿ, ಭಾರದ ಕೇಂದ್ರಕ್ಕೆ ದಾರ ಕಟ್ಟಿ ತಲೆಯ ಮೇಲೆ ಗರಗರನೆ ತಿರುಗಿಸಿ ನೋಡುತ್ತಾರೆ. ಮೂತಿ ಮುಂದಾಗಿಯೇ ಸುತ್ತಿದರೆ ಒಳ್ಳೆಯದು. ಬಾಲ ಮುಂದೆ ಬಂದರೆ ಹಾರಿಸುವಂತಿಲ್ಲ.

ಮದ್ದಿನ ಮಾತು ಬೇರೆ. ನಮ್ಮ ದೇಶದಲ್ಲಿ ಅದರ ತಯಾರಿಕೆ, ಸಾಗಣೆ, ಮಾರಾಟಗಳೆಲ್ಲ 1884ರ ಸ್ಫೋಟಕ ಕಾಯ್ದೆಗೆ ಒಳಪಟ್ಟಿವೆ. ಮನೆಯಲ್ಲಿ ಮದ್ದು ತುಂಬುವುದು ತಪ್ಪು. ಅಪಾಯವಂತೂ ಇದ್ದೇ ಇದೆ. ಸುಗ್ಗಿಯ ಬಳಿಕ ಬ್ಯಾಡಗಿಯ ಸುತ್ತ ಕೆಂಪು ಹಾಸಿನಂತೆ ಮೆಣಸಿನಕಾಯಿ ಒಣಗುತ್ತಿರುತ್ತದೆ. ರಾಣೆಬೆನ್ನೂರಿನ ಕಡೆ ಹತ್ತಿಯ ರಾಶಿ, ಅಭಯಾರಣ್ಯದಲ್ಲಿ ಕೃಷ್ಣಮೃಗಗಳು ಮೇಯುವ ಒಣಹುಲ್ಲು. ಒಂದು ಕಿಡಿ ಎಲ್ಲಿ ಬಿದ್ದರೂ ಒಂದು ಸಂಸಾರದ ವರ್ಷದ ದುಡಿಮೆ ಬೂದಿಯಾದೀತು.

ಆದರೂ ಹಾರುವ ಸಂತೋಷವನ್ನು ಮಗುವಿಗೆ ಇಲ್ಲವೆನ್ನಬೇಕಾಗಿಲ್ಲ. ನೀರಿನ ರಾಕೆಟ್ಟೆಂಬುದೊಂದಿದೆ. ಸೋಡಾ ತುಂಬಿ ಬರುವ ಪ್ಲಾಸ್ಟಿಕ್ ಬಾಟಲಿಗೆ ರಟ್ಟಿನ ರೆಕ್ಕೆ, ಮೂತಿ. ಒಳಗೆ ಮೂರರಲ್ಲೊಂದು ಪಾಲು ನೀರು. ಬಾಯಿಗೆ ಬಿಗಿಯಾದ ಬಿರಡೆ, ಬಿರಡೆಯ ಮೂಲಕ ಸೈಕಲ್ ಪಂಪಿನ ಗಾಳಿ. ಒತ್ತಡ ಏರಿದಾಗ ಬಿರಡೆ ಕಳಚುತ್ತದೆ, ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೆ ನೆಗೆಯುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ನ್ಯೂಟನ್ನನ ಮೂರನೆಯ ನಿಯಮ ಮಾತ್ರ ಪೂರ್ತಿಯಾಗಿದೆ. ಇದಕ್ಕೂ ತೆರೆದ ಬಯಲು ಬೇಕು, ಬಳಿಯಲ್ಲಿ ಹಿರಿಯರು ಬೇಕು, ಬಾಟಲಿಯ ಮೇಲೆ ಯಾರೂ ಬಗ್ಗಿ ನೋಡಬಾರದು. ಒಡ್ಡಿದ ಗಾಳಿಯೂ ಅಳತೆ ಮೀರಿದರೆ ಹೊಡೆಯುತ್ತದೆ.

ಹೀಗೆ ಮಾಡಿ ಮುಗಿಸಿದ ಮಾದರಿಯ ಬುಡಕ್ಕೆ ಹವ್ಯಾಸಿಗಳು ಚಿಕ್ಕ ಚೀಟಿಯೊಂದನ್ನು ಅಂಟಿಸುತ್ತಾರೆ. ಅದರಲ್ಲಿ ರಾಕೆಟ್ಟಿನ ಹೆಸರು, ಕೆಳಗೆ ಪ್ರಮಾಣ: 1:100. ನೋಡುವವನಿಗೆ ಅದು ಅಂಕಿ. ಮಾಡಿದವನಿಗೆ ಒಂದು ಮಾತು ಕೊಟ್ಟಂತೆ. ‘ಇಲ್ಲಿ ಯಾವುದನ್ನೂ ಹಿಗ್ಗಿಸಿಲ್ಲ, ಯಾವುದನ್ನೂ ಕುಗ್ಗಿಸಿಲ್ಲ, ಇದ್ದುದು ಇದ್ದಂತೆಯೇ ಇದೆ, ನೂರು ಪಟ್ಟು ಚಿಕ್ಕದಾಗಿ’ ಎಂಬ ಮಾತು. ಹದಿನೇಳು ಮಿಲಿಮೀಟರಿನ ಆ ಏಲಕ್ಕಿಯನ್ನು ಮಾದರಿಯಿಂದ ಎಷ್ಟು ದೂರದಲ್ಲಿ ನಿಲ್ಲಿಸಬೇಕೆಂಬುದನ್ನು ಕೇಳಿ ತಿಳಿದ ಮಗು, ಮುಂದಿನ ದೀಪಾವಳಿಯಲ್ಲಿ ತಮ್ಮನೊಬ್ಬ ಬಾಣಬಿರುಸಿನ ಕಡ್ಡಿ ಮುರಿಯಹೊರಟಾಗ ಅವನ ಕೈ ಹಿಡಿದು ತಡೆದೀತು. ಆ ಮಾದರಿ ಒಂದು ಅಂಗುಲವೂ ಮೇಲೇಳದಿದ್ದರೇನು? ಅದರ ಕೆಲಸ ಅಲ್ಲಿಗೆ ಮುಗಿದಂತಾಯಿತು.